ನೇರ ಪ್ರಸಾರ: ಸಿಂಧನೂರು ಸೀಮೆಯಲ್ಲಿ ಕಲಿತ ಪಾಠ

ಮಾನ್ಯ ಸದಸ್ಯರಲ್ಲಿ ಮೊದಲಿಗೆ ಒಂದು ತಪ್ಪೊಪ್ಪಿಗೆ.

ಕಳೆದ ಸೆಪ್ಟೆಂಬರಿನಲ್ಲಿ ಜರುಗಿದ ನಮ್ಮ ಸಂಘದ ವಾರ್ಷಿಕ ಮಹಾಸಭೆಯನ್ನು ಅಂತರಜಾಲದ ಮೂಲಕ ನೇರ ಪ್ರಸಾರ ಮಾಡಲಾಗುವುದೆಂದು ಇದೇ ಪತ್ರಿಕೆಯಲ್ಲಿ ಪ್ರಕಟಿಸಿದ್ದೆವು. ಮಳೆ ಬಿಡದ ದಿನಗಳು. ಹಳ್ಳ ದಾಟಿ ಬರಲಾಗದ ಸದಸ್ಯರು ಮನೆಯಲ್ಲೇ ಕುಳಿತು ಸಭೆಯ ಕಲಾಪ ನೋಡಲಿ ಎಂಬುದು ಆಡಳಿತ ಮಂಡಳಿಯ ಸದುದ್ದೇಶವಾಗಿತ್ತು. ಏರ್ಪಾಡಿನ ಹೊಣೆ ಕಾರ್ಯದರ್ಶಿಯಾದ ನನ್ನದು. ಬಿ.ಎಸ್ಸಿ. ಓದಿದವನು, ಯಂತ್ರಗಳ ಬಗ್ಗೆ ಸ್ವಲ್ಪ ಹುಚ್ಚೂ ಉಳ್ಳವನು ಎಂಬ ಧೈರ್ಯದಿಂದ ಒಪ್ಪಿಕೊಂಡೆ. ಸಭಾಂಗಣದ ಹಿಂಬದಿಯಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನನ್ನ ಮೊಬೈಲು ನಿಲ್ಲಿಸಿ, ಗುಂಡಿ ಒತ್ತಿ, ವೇದಿಕೆಗೆ ಹೋಗಿ ಕುಳಿತೆ. ಮೂರು ಗಂಟೆಯ ಸಭೆ ಮುಗಿದಾಗ ಪರದೆಯಲ್ಲಿ ಚಿತ್ರ ಇನ್ನೂ ಓಡುತ್ತಿತ್ತು. ನೇರ ಪ್ರಸಾರ ಯಶಸ್ವಿಯಾಯಿತೆಂದು ನಡಾವಳಿಯಲ್ಲಿ ಬರೆದೂ ಬಿಟ್ಟೆ.

ಇಪ್ಪತ್ತು ದಿನ ಕಳೆದ ಮೇಲೆ, ಎಪ್ಪತ್ತು ದಾಟಿದ ಒಬ್ಬ ಸದಸ್ಯರು ಕಚೇರಿಗೆ ಬಂದರು. ಎರಡು ಎಕರೆ ಕಾಫಿ, ಅದರೊಳಗೆ ಒಂದಿಷ್ಟು ಅಡಿಕೆ ಮರ, ಅಷ್ಟೇ ಅವರ ಆಸ್ತಿ. "ಕಾರ್ಯದರ್ಶಿಗಳೇ, ನೀವು ಬಾಯಿ ಆಡಿಸಿದ್ದೆಲ್ಲ ಕಂಡಿತು. ಫ್ಯಾನಿನ ಸದ್ದೂ ಚೆನ್ನಾಗಿ ಕೇಳಿತು. ನನ್ನ ಸಾಲದ ಸುಸ್ತಿಬಡ್ಡಿ ವಿಷಯ ಏನಾಯಿತು?" ಎಂದರು. ಸುಸ್ತಿಬಡ್ಡಿ ಮನ್ನಾ ಬೇಕಾದವರು ಹದಿನೈದು ದಿನದೊಳಗೆ ಅರ್ಜಿ ಕೊಡಬೇಕೆಂದು ಆ ಸಭೆಯಲ್ಲೇ ತೀರ್ಮಾನವಾಗಿತ್ತು. ಅವಧಿ ಮೀರಿ ಐದು ದಿನವಾಗಿತ್ತು. ಮುಂದಿನ ಮಂಡಳಿ ಸಭೆಯಲ್ಲಿ ಅವರ ಅರ್ಜಿಯನ್ನು ತಡವಾಗಿಯಾದರೂ ಸ್ವೀಕರಿಸಿದೆವೆನ್ನಿ. ಆದರೆ ಅಲ್ಲಿಯವರೆಗೆ ಅವರು ನಿದ್ದೆಗೆಟ್ಟದ್ದಕ್ಕೆ ನನ್ನ ಅಜಾಗರೂಕತೆಯೇ ಕಾರಣ. ಪ್ರಸಾರ ಮಾಡಿದ್ದೇನೆಂದು ನಾನು ತಿಳಿದಿದ್ದೆ. ಅದು ತಲುಪಿದೆಯೇ ಎಂದು ಕೇಳಿರಲಿಲ್ಲ.

ಈ ಪಾಠವನ್ನು ಸರಿಯಾಗಿ ಕಲಿತದ್ದು ಮಾತ್ರ ನಮ್ಮ ಮಲೆನಾಡಿನಲ್ಲಲ್ಲ. ನಾನೂರು ಕಿಲೋಮೀಟರಿಗೂ ಮಿಕ್ಕಿ ದೂರದ ರಾಯಚೂರು ಜಿಲ್ಲೆಯಲ್ಲಿ.

ಮಸ್ಕಿ ಕಡೆಯ ಮದುವೆ

ನಮ್ಮಲ್ಲಿ ಅನೇಕರ ತೋಟಗಳಲ್ಲಿರುವಂತೆ ನನ್ನ ತೋಟದ ಲೈನ್ ಮನೆಗಳಲ್ಲೂ ಉತ್ತರ ಕರ್ನಾಟಕದ ಕುಟುಂಬಗಳಿವೆ. ಅವುಗಳಲ್ಲಿ ಮಸ್ಕಿ ತಾಲ್ಲೂಕಿನ ಒಂದು ಕುಟುಂಬ ಬಂದು ಹದಿನೆಂಟು ವರ್ಷವಾಯಿತು. ಯಜಮಾನ ಈಗ ನಮ್ಮ ಮೇಸ್ತ್ರಿ. ಅವನ ಮಗಳಿಗೆ ಫೆಬ್ರವರಿಯಲ್ಲಿ ಊರಿನಲ್ಲೇ ಮದುವೆ ಗೊತ್ತಾಯಿತು. ಗಂಡು ಲಿಂಗಸುಗೂರು ಕಡೆಯವನು. ಆ ಹುಡುಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಮೇಸ್ತ್ರಿಯ ತಾಯಿ. ಮುದುಕಿ ನವೆಂಬರಿನಲ್ಲಿ ಕಣದ ಪಾಚಿಯ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಅಷ್ಟು ದೂರದ ಪ್ರಯಾಣ ಸಲ್ಲದೆಂದು ವೈದ್ಯರು ಹೇಳಿದರು. "ನಾ ಇಲ್ಲದ ಅಕ್ಕಿಕಾಳು ಬೀಳ್ತಾವೇನ್ರಿ ಸಾವ್ಕಾರ್ರ?" ಎಂದು ನನ್ನನ್ನೇ ಕೇಳಿದಳು. ಅವರ ಕಡೆ ಮುಹೂರ್ತಕ್ಕೆ ಅಕ್ಷತೆ ಹಾಕುವುದಕ್ಕೆ ಅಕ್ಕಿಕಾಳು ಎನ್ನುತ್ತಾರೆ.

ಮದುವೆಯನ್ನು ಇಲ್ಲಿಗೇ ತೋರಿಸೋಣವೆಂದು ನಾನು ಮಾತು ಕೊಟ್ಟೆ. ಕೊಟ್ಟ ಮೇಲೆ ಮಹಾಸಭೆಯ ಫ್ಯಾನಿನ ಸದ್ದು ನೆನಪಾಯಿತು.

ಮದುವೆಗೆ ಎರಡು ದಿನ ಮುಂಚೆ ದಾವಣಗೆರೆ, ಹೊಸಪೇಟೆ, ಗಂಗಾವತಿ, ಕಾರಟಗಿ ಮಾರ್ಗವಾಗಿ ಸಿಂಧನೂರು ಮುಟ್ಟಿದೆ. ಸಿಂಧನೂರೆಂದರೆ ಭತ್ತದ ಪೇಟೆ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಬದುಕು ಕಟ್ಟಿಕೊಂಡ ಊರು. ಅಲ್ಲಿ ಫೋಟೋ ಸ್ಟುಡಿಯೋ ನಡೆಸುವ ಯುವಕನೊಬ್ಬ ಮದುವೆ, ಜಾತ್ರೆ, ಪುರಾಣ ಪ್ರವಚನಗಳ ನೇರ ಪ್ರಸಾರವನ್ನೂ ಮಾಡುತ್ತಾನೆಂದು ಮೇಸ್ತ್ರಿ ಗೊತ್ತು ಮಾಡಿದ್ದ. ನನ್ನ ಮಹಾಸಭೆಯ ಕಥೆ ಕೇಳಿ ಅವನು ನಕ್ಕ.

"ಸರ, ಡ್ಯಾಮಿನಾಗ ಗೇಟು ಎತ್ತಿದ ಕೂಡಲೇ ಕೆಳಗಿನ ಹೊಲಕ್ಕ ನೀರು ಹೋಗಿರ್ತದೇನ್ರಿ? ನೀವು ಗೇಟು ಎತ್ತಿ ಮನಿಗೆ ಹೋಗೀರಿ. ಕೊನೀ ಹೊಲದಾಗ ನಿಂತು ನೋಡಬೇಕ್ರಿ."

ಆ ಸೀಮೆಯಲ್ಲಿ ಹುಟ್ಟಿದವರು ಮಾತ್ರ ಆಡಬಹುದಾದ ಮಾತು. ಎಡದಂಡೆ ಕಾಲುವೆಯ ಮೇಲ್ಭಾಗಕ್ಕೆ ನೀರು ಬಂದ ವರ್ಷವೂ ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೆಳಭಾಗದ ರೈತರು ನೀರಿಗಾಗಿ ರಸ್ತೆಗಿಳಿಯಬೇಕಾಗಿ ಬಂದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅಂತರಜಾಲವೂ ಒಂದು ಕಾಲುವೆಯೇ. ಎಷ್ಟು ಬಿಟ್ಟೆವು ಎಂಬುದಕ್ಕಿಂತ ಕೊನೆಗೆ ಎಷ್ಟು ಮುಟ್ಟಿತು ಎಂಬುದು ಲೆಕ್ಕ.

ಹರಿವಿನ ಲೆಕ್ಕ

ಸ್ಟುಡಿಯೋದಲ್ಲಿ ಕುಳಿತು ಯುವಕ ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನಾವು ಫೋನಿನಲ್ಲಿ ಚಲನಚಿತ್ರ ನೋಡುವಾಗ ಮಾಹಿತಿ ಕೆಳಮುಖವಾಗಿ ಹರಿದು ಬರುತ್ತದೆ. ನೇರ ಪ್ರಸಾರದಲ್ಲಿ ಅದು ನಮ್ಮಿಂದ ಮೇಲಕ್ಕೆ ಹೋಗಬೇಕು. ಮೊಬೈಲ್ ಜಾಲಗಳಲ್ಲಿ ಸಾಮಾನ್ಯವಾಗಿ ಮೇಲ್ಮುಖದ ವೇಗ ಕೆಳಮುಖದ ವೇಗಕ್ಕಿಂತ ಬಹಳ ಕಡಿಮೆ. ಚಿತ್ರ ನೋಡಲು ಅಡ್ಡಿಯಿಲ್ಲದ ಜಾಗದಲ್ಲಿ ಚಿತ್ರ ಕಳಿಸಲು ಆಗದೆ ಹೋಗುವುದು ಇದರಿಂದಲೇ.

ಸಾಧಾರಣ ಸ್ಪಷ್ಟತೆಯ, ಅಂದರೆ 480 ಗೆರೆಗಳ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 1 ಮೆಗಾಬಿಟ್ ಸಾಕು. ಇನ್ನೂ ಚೊಕ್ಕಟವಾದ 720 ಗೆರೆಗಳ ಚಿತ್ರಕ್ಕೆ 3ರಿಂದ 4 ಮೆಗಾಬಿಟ್ ಬೇಕು. ಮೊದಲನೆಯದಕ್ಕೆ ಗಂಟೆಗೆ ಸುಮಾರು 450 ಎಂ.ಬಿ. ಖರ್ಚು, ಎರಡನೆಯದಕ್ಕೆ 4 ಮೆಗಾಬಿಟ್ ಹಿಡಿದರೆ 1.8 ಜಿ.ಬಿ. ಪರೀಕ್ಷೆಯಲ್ಲಿ ಕಾಣುವ ವೇಗದ ಅರ್ಧವನ್ನಷ್ಟೇ ಬಳಸಬೇಕು, ಉಳಿದರ್ಧ ಕೈಮೀಸಲು ಎಂಬುದು ಅವನ ನಿಯಮ. ಮದುವೆಯ ಹಂದರದಲ್ಲಿ ಐನೂರು ಜನ ಸೇರಿ ಎಲ್ಲರೂ ಫೋನು ತೆಗೆದರೆ ಒಂದೇ ಗೋಪುರದ ಹರಿವನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ಆದ್ದರಿಂದ ಹಿಂದಿನ ದಿನ ಖಾಲಿ ಹಂದರದಲ್ಲಿ ಪರೀಕ್ಷಿಸಿ ಬೀಗುವಂತಿಲ್ಲ.

ಅವನ ಸಲಕರಣೆಯೂ ದೊಡ್ಡದೇನಲ್ಲ. ಒಂದು ಕ್ಯಾಮೆರಾ, ಅದರ ಚಿತ್ರವನ್ನು ಲ್ಯಾಪ್‌ಟಾಪಿಗೆ ಸೇರಿಸುವ ಬೆಂಕಿಪೊಟ್ಟಣದಷ್ಟು ಚಿಕ್ಕ ಸಾಧನ, ಹಣ ಕೊಡದೆ ಸಿಗುವ ಓ.ಬಿ.ಎಸ್. ಎಂಬ ತಂತ್ರಾಂಶ, ಎರಡು ಬೇರೆ ಬೇರೆ ಕಂಪನಿಗಳ ಸಿಮ್ ಇರುವ ಎರಡು ಫೋನು, ಅಂಗಿಗೆ ಸಿಕ್ಕಿಸುವ ಒಂದು ಮೈಕು. ಅಷ್ಟೆ. ಕ್ಯಾಮೆರಾ ಇಲ್ಲದೆ ಬರೇ ಫೋನಿನಲ್ಲೂ ಮಾಡಬಹುದು, ಮೈಕು ಇಲ್ಲದೆ ಮಾತ್ರ ಬೇಡ ಎಂದ.

ಲಿಂಗಸುಗೂರಿನ ಮೇಷ್ಟ್ರು ಹೇಳಿದ್ದು

ಮರುದಿನ ಮಸ್ಕಿಯಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರ ಪರಿಚಯವಾಯಿತು. ಲಿಂಗಸುಗೂರು ತಾಲ್ಲೂಕಿನವರು, ನಿವೃತ್ತ ಶಾಲಾ ಮೇಷ್ಟ್ರು. ನಮ್ಮ ತಂತಿಗಳ ಗಂಟು ನೋಡಿ, "ಇದೇನು ಹೊಸದಲ್ಲ ಬಿಡ್ರಿ. ನಾ ಸಣ್ಣವ ಇದ್ದಾಗ ನಮ್ಮೂರಿಗೆ ಆಕಾಶದಿಂದ ಟಿ.ವಿ. ಬರ್ತಿತ್ತು" ಎಂದರು. ನನಗೆ ಓದಿ ಗೊತ್ತಿದ್ದ ವಿಷಯ. ಕಂಡವರು ಸಿಕ್ಕಿದ್ದು ಅಂದೇ.

ಓದುಗರಲ್ಲಿ ಕಿರಿಯರಿಗಾಗಿ ಎರಡು ಮಾತು. ಹಳ್ಳಿಗಳಿಗೆ ಉಪಗ್ರಹದ ಮೂಲಕ ದೂರದರ್ಶನ ಕೊಡಬೇಕೆಂಬುದು ವಿಕ್ರಮ್ ಸಾರಾಭಾಯಿಯವರ ಕನಸು. 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದವಾಯಿತು; 1971ರ ಡಿಸೆಂಬರಿನಲ್ಲಿ ಸಾರಾಭಾಯಿ ತೀರಿಕೊಂಡರು. ಅವರು ಕಂಡ ಕನಸು 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ನಡೆಯಿತು. ಸುಮಾರು 36,000 ಕಿಲೋಮೀಟರು ಎತ್ತರದಲ್ಲಿದ್ದ ಎ.ಟಿ.ಎಸ್.-6 ಎಂಬ ಅಮೆರಿಕದ ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಚಿತ್ರ ಇಳಿಯುತ್ತಿತ್ತು. ಕರ್ನಾಟಕದಲ್ಲಿ ಆಯ್ಕೆಯಾದವು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರಿನಲ್ಲಿ. ರಾಜಧಾನಿಗಿಂತ ಆರು ವರ್ಷ ಮೊದಲೇ ರಾಯಚೂರಿನ ಹಳ್ಳಿಯ ಮಕ್ಕಳು ಟಿ.ವಿ. ನೋಡಿದ್ದರು!

ಸಂಕೇತ ಹಿಡಿಯಲು ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ ಮೂರು ಮೀಟರು ಅಗಲದ ಛತ್ರಿ. ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ತಯಾರಿಸಿದ ಸೆಟ್ಟು. ದಿನಕ್ಕೆ ನಾಲ್ಕು ಗಂಟೆ ಕಾರ್ಯಕ್ರಮ: ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಮನರಂಜನೆ. ಹೆಚ್ಚಿನವು ಮೊದಲೇ ಚಿತ್ರಿಸಿಟ್ಟವು. ಒಂದು ಚಿತ್ರದೊಡನೆ ಎರಡು ಪ್ರತ್ಯೇಕ ಧ್ವನಿಗಳನ್ನು ಕಳಿಸುವ ಏರ್ಪಾಡೂ ಇತ್ತು. ಹಲವು ಭಾಷೆಗಳ ನಾಡಿನಲ್ಲಿ ಚಿತ್ರವೊಂದೇ ಸಾಲದೆಂದು ಅಂದಿನ ಇಂಜಿನಿಯರುಗಳು ಅರಿತಿದ್ದರು.

ಮೇಷ್ಟ್ರಿಗೆ ನೆನಪಿದ್ದುದು ಈ ಅಂಕಿಗಳಲ್ಲ. ಸೆಟ್ಟಿನ ಪೆಟ್ಟಿಗೆಯ ಕೀಲಿ ಒಬ್ಬರ ಬಳಿ ಇರುತ್ತಿತ್ತಂತೆ. ಅವರು ಜಾತ್ರೆಗೆ ಹೋದ ದಿನ ಅರವತ್ತು ಮಕ್ಕಳು ಬೀಗ ಹಾಕಿದ ಪೆಟ್ಟಿಗೆಯ ಮುಂದೆ ಕುಳಿತು ಎದ್ದು ಹೋದರು. "ಮ್ಯಾಲ ಉಪಗ್ರಹ ತನ್ನ ಕೆಲಸ ಮಾಡಾಕ ಹತ್ತಿತ್ತು ನೋಡ್ರಿ. ಕೆಳಗ ಕೀಲಿ ಇರಲಿಲ್ಲ." ಇನ್ನೊಂದು ನೆನಪು ಅವರ ಹೆಡ್‌ಮಾಸ್ತರರದು. ಕಾರ್ಯಕ್ರಮ ಮುಗಿದೊಡನೆ ಅವರು ಸೆಟ್ಟು ಆರಿಸಿ, ಮಕ್ಕಳನ್ನು ಎಬ್ಬಿಸಿ, ಈಗ ಏನು ನೋಡಿದಿರಿ ಹೇಳಿ ಎಂದು ಕೇಳುತ್ತಿದ್ದರು. "ಟಿ.ವಿ.ಯೊಳಗ ಏನು ತೋರಿಸಿದ್ರೋ ಎಲ್ಲಾ ಮರ್ತೀನಿ. ಅವರು ಕೇಳಿದ್ದಕ್ಕ ನಾ ಹೇಳಿದ್ದು ಮರ್ತಿಲ್ಲ. ನಾ ಮೇಷ್ಟ್ರಾದದ್ದೂ ಅದರಿಂದನ" ಎಂದರು.

ಒಂದು ವರ್ಷದ ಅವಧಿ ಮುಗಿಯಿತು, ಉಪಗ್ರಹ ಬೇರೆಡೆಗೆ ಹೋಯಿತು. 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂತು. ಆದರೆ ಆ ಕೀಲಿ ಮತ್ತು ಆ ಹೆಡ್‌ಮಾಸ್ತರರ ಪಾಠ ಐವತ್ತು ವರ್ಷ ಕಳೆದರೂ ಹಳೆಯದಾಗಿಲ್ಲ.

ಅಂದು ಸಂಜೆ ಮಸ್ಕಿಯ ಅಶೋಕನ ಶಾಸನವನ್ನೂ ನೋಡಿ ಬಂದೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಇಂಜಿನಿಯರು ಕಂಡುಹಿಡಿದ, ಅಶೋಕನ ಹೆಸರನ್ನೇ ಹೇಳುವ ಶಾಸನವದು. ದೊಡ್ಡವರಿಗೂ ಚಿಕ್ಕವರಿಗೂ ಈ ಮಾತನ್ನು ತಿಳಿಸಬೇಕೆಂಬ ಅಭಿಪ್ರಾಯ ಅದರ ಕೊನೆಯಲ್ಲಿದೆ. ಬಂಡೆಯ ಮೇಲೆ ಕೆತ್ತಿಸಿದ ಚಕ್ರವರ್ತಿಗೂ, ಕೆತ್ತಿದರೆ ಸಾಲದು, ಜನಕ್ಕೆ ಹೇಳಿಸಬೇಕು ಎಂಬುದು ತಿಳಿದಿತ್ತೆಂದಾಯಿತು.

ಅರ್ಧ ನಿಮಿಷ ತಡವಾದ ಅಕ್ಕಿಕಾಳು

ಮದುವೆಯ ದಿನ ಬೆಳಿಗ್ಗೆಯೇ ಹಂದರದಲ್ಲಿ ಒಂದು ಕಂಪನಿಯ ಸಂಕೇತ ಸತ್ತಿತ್ತು. ಇನ್ನೊಂದು ಕಂಪನಿಯದು ನೆಲಮಟ್ಟದಲ್ಲಿ ತೆವಳುತ್ತಿತ್ತು. ಯುವಕ ಆ ಫೋನನ್ನು ಬಟ್ಟೆಯ ಚೀಲದಲ್ಲಿ ಹಾಕಿ ಹಂದರದ ಉದ್ದನೆಯ ಗಳುವಿನ ತುದಿಗೆ ನೆರಳಿನಲ್ಲಿ ಕಟ್ಟಿದ. ಅಲ್ಲಿಂದ ಲ್ಯಾಪ್‌ಟಾಪಿಗೆ ನಿಸ್ತಂತು ಸಂಪರ್ಕ. 720 ಗೆರೆಗಳಲ್ಲಿ ಆರಂಭಿಸಿದವನು ಜನ ಸೇರುತ್ತಲೇ 480ಕ್ಕೆ ಇಳಿಸಿದ. ಸೀರೆಯ ಬಣ್ಣ ಸ್ವಲ್ಪ ಮಾಸಲಿ, ಚಿತ್ರ ನಿಲ್ಲಬಾರದು ಎಂದ.

ಇತ್ತ ತೋಟದಲ್ಲಿ ಲೈನ್ ಮನೆಗಳ ಹತ್ತಿರ ಸಂಕೇತವೇ ಇಲ್ಲ. ನನ್ನ ಪತ್ನಿ ಕಚೇರಿಯ ಟಿ.ವಿ.ಯನ್ನು ಕಣದ ಅಂಚಿನ ಜಗಲಿಗೆ ತರಿಸಿ, ಮನೆಯ ಬ್ರಾಡ್‌ಬ್ಯಾಂಡಿಗೆ ಸೇರಿಸಿ, ಕರೆಂಟು ಹೋದರೆ ಇರಲೆಂದು ಪಲ್ಪರಿನ ಜನರೇಟರನ್ನೂ ಸಿದ್ಧವಿಟ್ಟಿದ್ದಳು. ಮುದುಕಿಯನ್ನು ಕುರ್ಚಿಯಲ್ಲೇ ಎತ್ತಿ ತಂದರು. ಕೊಯ್ಲಿಗೆ ಅರ್ಧ ದಿನ ರಜೆ. ನಾನು ಹಂದರದಿಂದ ಸಾಧಾರಣ ಫೋನ್ ಕರೆಯಲ್ಲಿ ಪತ್ನಿಯೊಡನೆ ಮಾತಾಡುತ್ತಲೇ ಇದ್ದೆ. ಕೊನೆಯ ಗದ್ದೆಯಲ್ಲಿ ನಿಂತವಳು ಅವಳು.

"ಚಿತ್ರ ಬಂತು. ಭಜಂತ್ರಿ ಕೇಳುತ್ತದೆ. ಹುಡುಗಿ ಮಾತಾಡಿದ್ದು ಏನೂ ಕೇಳುವುದಿಲ್ಲ" ಎಂದಳು. ಹಿಂದಿನಿಂದ ಮುದುಕಿಯ ದನಿ: "ನಮ್ಮ ಹುಡುಗಿ ಗೊಂಬಿ ಹಂಗ ಕಾಣ್ತಾಳ, ಆದ್ರ ಒಂದು ಮಾತೂ ಕೇಳವಲ್ದು." ನನ್ನ ಮಹಾಸಭೆಯ ಕಥೆಯೇ! ಆದರೆ ಈ ಸಲ ಅದು ಅಲ್ಲಿಂದಲ್ಲಿಗೇ ತಿಳಿಯಿತು. ಯುವಕ ಅಂಗಿಯ ಮೈಕನ್ನು ಹುಡುಗಿಯ ಪಕ್ಕ ಕುಳಿತ ಚಿಕ್ಕಮ್ಮನ ಸೆರಗಿಗೆ ಸಿಕ್ಕಿಸಿದ. ಅರ್ಧ ನಿಮಿಷದಲ್ಲಿ ಪತ್ನಿ, "ಈಗ ಕೇಳಿತು" ಎಂದಳು.

ಅಕ್ಕಿಕಾಳು ಬಿದ್ದಾಗ ಒಂದು ಸಂಗತಿ ನಡೆಯಿತು. ನೇರ ಪ್ರಸಾರವೆಂದರೂ ಚಿತ್ರ ತಲುಪಲು ಹದಿನೈದರಿಂದ ಮೂವತ್ತು ಸೆಕೆಂಡು ತಡವಾಗುತ್ತದೆ. ಹಂದರದಲ್ಲಿ ಅಕ್ಷತೆ ಬಿದ್ದು ಜನ ಊಟಕ್ಕೆ ಎದ್ದಾಗ, ತೋಟದ ಜಗಲಿಯಲ್ಲಿ ಮುದುಕಿ ಟಿ.ವಿ.ಯ ಮೇಲೆ ಅಕ್ಕಿ ಹಾಕುತ್ತಿದ್ದಳು. ಮೇಸ್ತ್ರಿ ನನ್ನ ಫೋನನ್ನು ಮಗಳ ಕಿವಿಗೆ ಹಿಡಿದ. ಅಜ್ಜಿ ಏನು ಹೇಳಿದಳೋ ಅದು ಅವರಿಬ್ಬರಿಗೇ ಗೊತ್ತು. ಹುಡುಗಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ತಾನಾಡಿದ ಮಾತಿಗೆ ಮೊಮ್ಮಗಳು ನಗುವುದನ್ನು ಅಜ್ಜಿ ಅರ್ಧ ನಿಮಿಷದ ಮೇಲೆ ಪರದೆಯಲ್ಲಿ ಕಂಡಳಂತೆ. "ಮುಟ್ಟಿತು ನೋಡ್ರಿ ಅಮ್ಮಾರ, ನನ ಮಾತು ಮುಟ್ಟಿತು" ಎಂದು ಪತ್ನಿಯ ಕೈ ಹಿಡಿದುಕೊಂಡಳು.

ಒಟ್ಟು ಎರಡೂಕಾಲು ಗಂಟೆ ಪ್ರಸಾರ. ಖರ್ಚಾದದ್ದು ಸುಮಾರು ಒಂದು ಜಿ.ಬಿ. ಮಾತ್ರ.

ನಮ್ಮ ಸಂಘಕ್ಕೆ, ಮನೆಗಳಿಗೆ ಕೆಲವು ಸೂಚನೆಗಳು

ಮದುವೆ, ಗೃಹಪ್ರವೇಶ, ಸಭೆ, ತೋಟದ ಪ್ರಾತ್ಯಕ್ಷಿಕೆ ಯಾವುದೇ ಇರಲಿ, ಸದಸ್ಯರು ನೇರ ಪ್ರಸಾರ ಮಾಡಬಯಸಿದಲ್ಲಿ ಈ ಕೆಳಗಿನವನ್ನು ಗಮನದಲ್ಲಿಡಬೇಕು.

1. ಧ್ವನಿಗೆ ಮೊದಲ ಸ್ಥಾನ. ಫೋನಿನ ಮೈಕು ಹತ್ತಿರದ ಫ್ಯಾನನ್ನು ಹಿಡಿಯುತ್ತದೆ, ದೂರದ ಮಾತನ್ನಲ್ಲ. ಮಾತಾಡುವವರ ಅಂಗಿಗೆ ಮೈಕು ಸಿಕ್ಕಿಸಬೇಕು, ಇಲ್ಲವೆ ಧ್ವನಿವರ್ಧಕದವರ ಯಂತ್ರದಿಂದ ತಂತಿ ಎಳೆಯಬೇಕು.

2. ಯೂಟ್ಯೂಬಿನಲ್ಲಿ ಮೊದಲ ಸಲ ನೇರ ಪ್ರಸಾರಕ್ಕೆ ಅನುಮತಿ ಸಿಗಲು 24 ಗಂಟೆಯವರೆಗೂ ಹಿಡಿಯಬಹುದು. ಫೋನಿನಿಂದ ಪ್ರಸಾರ ಮಾಡಲು ಖಾತೆಗೆ ಕನಿಷ್ಠ 50 ಚಂದಾದಾರರಿರಬೇಕು. ಮುಹೂರ್ತದ ಬೆಳಿಗ್ಗೆ ಖಾತೆ ತೆರೆಯಲು ಕುಳಿತರೆ ಕೆಲಸವಾಗದು.

3. ಪ್ರಸಾರದ ಫೋನಿಗೆ ಕರೆ ಬಂದರೆ ಪ್ರಸಾರ ತುಂಡಾಗಬಹುದು. ಕರೆಗಳು ಬಾರದಂತೆ ಮಾಡಿ, ಚಾರ್ಜರಿಗೆ ಸಿಕ್ಕಿಸಿಡಿ. ಬ್ರಾಡ್‌ಬ್ಯಾಂಡ್ ಪೆಟ್ಟಿಗೆಗೂ ಇನ್ವರ್ಟರ್ ಸಂಪರ್ಕವಿರಲಿ. ಕರೆಂಟು ಹೋದಾಗ ಮೊದಲು ಸಾಯುವುದು ಅದು.

4. ಧ್ವನಿವರ್ಧಕದಲ್ಲಿ ಸಿನಿಮಾ ಹಾಡು ಹಾಕಿದರೆ ಹಕ್ಕುಸ್ವಾಮ್ಯದ ಕಾರಣದಿಂದ ಪ್ರಸಾರವೇ ನಿಂತು ಹೋಗಬಹುದು.

5. ಕೊಂಡಿ ಇದ್ದವರಿಗೆ ಮಾತ್ರ ಕಾಣುವಂತೆ ಪ್ರಸಾರವನ್ನು ಮರೆಯಾಗಿಡಬಹುದು. ಆದರೆ ಅದು ಬೀಗವಲ್ಲ. ಕೊಂಡಿ ಕೈಯಿಂದ ಕೈಗೆ ಹೋಗುತ್ತದೆ. ಮದುವೆಯಾದರೆ ಹೆಣ್ಣು ಗಂಡು ಎರಡೂ ಕಡೆಯವರ ಒಪ್ಪಿಗೆ ಪಡೆಯಬೇಕು. ಸಂಘದ ಸಭೆಯಾದರೆ ಸದಸ್ಯರ ವೈಯಕ್ತಿಕ ಸಾಲದ ವಿವರ ಪರದೆಯ ಮುಂದೆ ಓದಬಾರದು.

6. ನೋಡುವ ತುದಿಯಲ್ಲಿ ಒಬ್ಬರು ಇರಲೇಬೇಕು. ಅವರ ಕೈಯಲ್ಲಿ ಸಾಧಾರಣ ಫೋನು, ಇತ್ತ ಅದನ್ನು ಎತ್ತಲು ಇನ್ನೊಬ್ಬರು. ಮರುಮಾತಿಗೆ ಇದಕ್ಕಿಂತ ದೊಡ್ಡ ಯಂತ್ರ ಬೇಕಿಲ್ಲ.

ಇದನ್ನೆಲ್ಲ ಆಡಳಿತ ಮಂಡಳಿಯ ಮುಂದೆ ಇಟ್ಟಿದ್ದೇನೆ, ಮಂಡಳಿ ಒಪ್ಪಿದೆ. ಮುಂದಿನ ಮಹಾಸಭೆಗೆ ಸಭಾಂಗಣದಲ್ಲಿ ಎರಡು ಮೈಕು, ಒಂದು ಪ್ರತ್ಯೇಕ ಸಂಪರ್ಕ ಮತ್ತು ಪ್ರಶ್ನೆ ಸ್ವೀಕರಿಸಲು ಒಂದು ಫೋನು ಇರುತ್ತವೆ. ಸಂಕೇತ ಸಿಗದ ಕಡೆಯ ಸದಸ್ಯರು ಒಟ್ಟಾಗಿ ನೋಡಲು ಮೂರು ಮನೆಗಳನ್ನು ಗೊತ್ತು ಮಾಡಲಾಗುವುದು. ಪ್ರತಿ ಮನೆಗೆ ಒಬ್ಬರು ಹೊಣೆಗಾರರು. ಪ್ರತಿ ತೀರ್ಮಾನದ ನಂತರ ಅಧ್ಯಕ್ಷರು ಅರ್ಧ ನಿಮಿಷ ನಿಂತು, ಮೂರೂ ಮನೆಗಳಿಂದ "ಕೇಳಿತು" ಎಂಬ ಉತ್ತರ ಬಂದ ಮೇಲೆಯೇ ಮುಂದಿನ ವಿಷಯಕ್ಕೆ ಹೋಗತಕ್ಕದ್ದು. ಪರದೆಯಲ್ಲಿ ನೋಡಿದ್ದನ್ನು ನಮ್ಮ ಸಂಘದಲ್ಲಿ ಹಾಜರಾತಿಯೆಂದು ಪರಿಗಣಿಸುವುದಿಲ್ಲ. ಬರಲು ಸಾಧ್ಯವಿರುವವರು ಬಂದು ಹಾಜರಿ ಪುಸ್ತಕದಲ್ಲಿ ಸಹಿ ಹಾಕಬೇಕಾಗಿ ವಿನಂತಿ.

ಸುಸ್ತಿಬಡ್ಡಿಯ ಆ ಹಿರಿಯ ಸದಸ್ಯರು ತಮ್ಮ ಮನೆಯನ್ನೇ ಒಂದು ಕೇಂದ್ರವಾಗಿ ಕೊಡಲು ಮುಂದೆ ಬಂದಿದ್ದಾರೆ. ಹೊಣೆಗಾರರೂ ಅವರೇ. "ಫ್ಯಾನಿನ ಸದ್ದು ಕೇಳಿದರೆ ಕೂಡಲೇ ಫೋನು ಮಾಡುತ್ತೇನೆ" ಎಂದು ಎಚ್ಚರಿಸಿದ್ದಾರೆ. ಇಂಥವರೊಬ್ಬರು ಕೊನೆಯ ಗದ್ದೆಯಲ್ಲಿ ನಿಂತರೆ ನಮ್ಮ ಕಾಲುವೆಗೆ ಚಿಂತೆಯಿಲ್ಲ.